ಇಬ್ಬರ ಮನೆಗೆ ಒಂದು ಪಾವು ಬೇಳೆ

"ಇರೋದೇ ಇಬ್ರು, ಯಾರಿಗೆ ಅಂತ ಮಾಡ್ಲಿ?"

ಯುಗಾದಿಗೆ ವಾರವಿರುವಾಗ ಈ ಮಾತು ಎಷ್ಟೋ ಅಡುಗೆಮನೆಗಳಲ್ಲಿ ಕೇಳಿಬರುತ್ತದೆ. ಮಕ್ಕಳು ದೂರದ ಊರು ಸೇರಿದ ಮನೆಗಳಲ್ಲಿ ಅರವತ್ತು ದಾಟಿದವರು ಹೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವ ಹೊಸ ಗಂಡ ಹೆಂಡತಿ ಹೇಳುತ್ತಾರೆ. ಅಮ್ಮ ಮಗ ಇಬ್ಬರೇ ಇರುವ ಮನೆಯಲ್ಲಿ ಅಮ್ಮ ಹೇಳುತ್ತಾಳೆ. ಮಾತು ಮುಗಿಯುವ ಹೊತ್ತಿಗೆ ತೀರ್ಮಾನವೂ ಆಗಿರುತ್ತದೆ: ಅಂಗಡಿಯಿಂದ ನಾಲ್ಕು ಹೋಳಿಗೆ, ಮನೆಯಲ್ಲಿ ಒಂದಿಷ್ಟು ಚಿತ್ರಾನ್ನ, ಬಾಗಿಲಿಗೆ ಮಾವಿನೆಲೆ, ಮುಗಿಯಿತು ಹಬ್ಬ.

ಅಂಗಡಿಯ ಹೋಳಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಹೋಳಿಗೆ ಮಾಡಿ ಮಾರುವ ಪುಟ್ಟ ಅಂಗಡಿಗಳು ಸಾಕಷ್ಟಿವೆ. ಅಲ್ಲಿ ಹೆಂಚಿನ ಮುಂದೆ ನಿಂತವರ ಕೈಚಳಕ ದೊಡ್ಡದು. ಕೈಲಾಗದವರಿಗೆ ಅದು ನಿಜವಾದ ಉಪಕಾರ. ಆದರೆ ಡಬ್ಬಿಯಲ್ಲಿ ಬರುವುದು ಹೋಳಿಗೆ ಮಾತ್ರ, ಅದರ ಕಟ್ಟು ಬರುವುದಿಲ್ಲ. ಬೇಳೆ ಬೆಂದ ಆ ನೀರಿಲ್ಲದೆ ಒಬ್ಬಟ್ಟಿನ ಸಾರಿಲ್ಲ. ಒಬ್ಬಟ್ಟಿನ ಸಾರಿಲ್ಲದ ಯುಗಾದಿಯನ್ನು ಹಳೇ ಮೈಸೂರಿನ ಕಡೆಯವರು ಹೇಗೆ ಒಪ್ಪುತ್ತಾರೋ ನನಗೆ ತಿಳಿಯದು. ಒಂದೇ ಪಾತ್ರೆಯ ಬೇಳೆ ಮೇಲೆ ಸಿಹಿಯಾಗಿ, ಕೆಳಗೆ ಹುಳಿ ಖಾರದ ಸಾರಾಗಿ ಎರಡು ದಾರಿ ಹಿಡಿಯುವುದು ನಮ್ಮ ಅಡುಗೆಯ ದೊಡ್ಡ ಜಾಣ್ಮೆಗಳಲ್ಲಿ ಒಂದು. ಅದನ್ನು ಇಬ್ಬರ ಮನೆಯೂ ಬಿಡಬಾರದು ಎಂಬುದು ನನ್ನ ಹಟ.

ತೊಂದರೆ ಇರುವುದು ಮನಸ್ಸಿನಲ್ಲಿ ಅಷ್ಟೇ ಅಲ್ಲ, ಅಳತೆಯಲ್ಲೂ ಇದೆ. ನಾವು ಹಬ್ಬದ ಅಡುಗೆ ಕಲಿತದ್ದು ದೊಡ್ಡ ಮನೆಗಳಲ್ಲಿ. ಅಜ್ಜಿ ಹೇಳುತ್ತಿದ್ದ ಲೆಕ್ಕ ಸೇರಿನದ್ದು, ಅಚ್ಚೇರಿನದ್ದು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಕನ್ನಡದಲ್ಲಿ ಅಡುಗೆಯ ಬರಹವೂ ಹೊಸದಲ್ಲ. ಚಾವುಂಡರಾಯನ 'ಲೋಕೋಪಕಾರ' 1025ರ ಸುಮಾರಿನದು, ಅದರಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. 16ನೇ ಶತಮಾನದ ಮಂಗರಸ 'ಸೂಪಶಾಸ್ತ್ರ'ವನ್ನು ಪದ್ಯದಲ್ಲಿ ಬರೆದ, ಹಿಟ್ಟಿನ ತಿನಿಸುಗಳಿಗೆ ಅಧ್ಯಾಯವನ್ನೇ ಮೀಸಲಿಟ್ಟ. ಇಷ್ಟು ಉದ್ದದ ಪರಂಪರೆಯಲ್ಲಿ ಇಬ್ಬರಿಗೆ ಅಡುಗೆ ಮಾಡುವ ಮಾತು ಯಾರಿಗೂ ಬೇಕಾಗಿರಲಿಲ್ಲ, ಏಕೆಂದರೆ ಇಬ್ಬರೇ ಕೂತು ಉಣ್ಣುವ ಹಬ್ಬ ಅಪರೂಪವಾಗಿತ್ತು. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ 6.11 ಕೋಟಿ ಜನ, ಸುಮಾರು 1.3 ಕೋಟಿ ಮನೆಗಳು. ಅಂದರೆ ಮನೆಗೆ ಸರಾಸರಿ ನಾಲ್ಕೂವರೆಗಿಂತ ತುಸು ಹೆಚ್ಚು ಜನ. ಅದು ಸರಾಸರಿ. ಅದರೊಳಗೆ ಹತ್ತು ಜನರ ಮನೆಯೂ ಇದೆ, ಇಬ್ಬರ ಮನೆಯೂ ಇದೆ, ಒಬ್ಬರೇ ಬೀಗ ಹಾಕಿ ಬೀಗ ತೆಗೆಯುವ ಮನೆಯೂ ಇದೆ.

ಹತ್ತು ಜನರ ಲೆಕ್ಕವನ್ನು ಐದರಿಂದ ಭಾಗಿಸಿದರೆ ಇಬ್ಬರ ಅಡುಗೆ ಆಗುತ್ತದೆಯೇ? ಆಗುವುದಿಲ್ಲ. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಲು ಹೋದವರೇ "ಇಷ್ಟು ಕಷ್ಟಪಟ್ಟು ಮೂರು ಹೋಳಿಗೆಯೇ?" ಎಂದು ಬೇಸತ್ತು ಕೈಬಿಡುವುದು. ನನ್ನ ಲೆಕ್ಕ ಬೇರೆ. ಸಂಜೆಗೆ ಹಳಸುವುದನ್ನು ಧಾರಾಳವಾಗಿ ಕಡಿಮೆ ಮಾಡಿ, ನಾಳೆಗೆ ಉಳಿಯುವುದನ್ನು ಮತ್ತು ಪಕ್ಕದ ಮನೆಗೆ ಕೊಡಬಹುದಾದದ್ದನ್ನು ಕಡಿಮೆ ಮಾಡಬೇಡಿ. ಕಾಯಿ ಹಾಕಿದ ಪಲ್ಯ, ಕೋಸಂಬರಿ, ತೊವ್ವೆ ಇವು ಯುಗಾದಿಯ ಬಿಸಿಲಿನಲ್ಲಿ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಬೆಂಗಳೂರಿನಲ್ಲೇ ಮಧ್ಯಾಹ್ನ 33-34 ಡಿಗ್ರಿ, ರಾಯಚೂರು ಕಲಬುರಗಿಗಳಲ್ಲಿ 40ರ ಹತ್ತಿರ. ಆದರೆ ತುಪ್ಪ ಸವರಿ ಮಡಚಿಟ್ಟ ಹೋಳಿಗೆ ಮರುದಿನಕ್ಕೂ ಚೆನ್ನಾಗಿಯೇ ಇರುತ್ತದೆ. ಒಬ್ಬಟ್ಟಿನ ಸಾರಂತೂ ಇನ್ನೊಮ್ಮೆ ಕುದಿಸಿದ ಮೇಲೆಯೇ ನಿಜವಾದ ರುಚಿ ಕೊಡುವುದು. ಆದ್ದರಿಂದ ಹೋಳಿಗೆಗೆ ಒಂದು ಪಾವು ಬೇಳೆ ಹಾಕಿ, ಪಲ್ಯಕ್ಕೆ ಒಂದು ಹಿಡಿ ಹುರುಳಿಕಾಯಿ ಹೆಚ್ಚಿ.

ಒಂದು ಪಾವು ತೊಗರಿಬೇಳೆ ತೂಕದಲ್ಲಿ ಸುಮಾರು 200 ಗ್ರಾಂ. ಅದಕ್ಕೆ 150ರಿಂದ 200 ಗ್ರಾಂ ಬೆಲ್ಲ, ಅರ್ಧ ಬಟ್ಟಲು ಕಾಯಿತುರಿ, ನಾಲ್ಕೈದು ಏಲಕ್ಕಿ. ಇಷ್ಟರಲ್ಲಿ ಹನ್ನೆರಡರ ಆಸುಪಾಸು ಹೋಳಿಗೆ ಆಗುತ್ತದೆ. ಇಬ್ಬರು ಆ ಹೊತ್ತಿಗೆ ಎರಡೆರಡು ತಿಂದರು, ಮರುದಿನದ ತಿಂಡಿಗೆ ಎರಡು ಇಟ್ಟುಕೊಂಡರು, ಮನೆಗೆಲಸಕ್ಕೆ ಬರುವವರಿಗೆ ಎರಡು, ಎದುರು ಮನೆಗೆ ಎರಡು, ಕೆಳಗೆ ಕಾವಲಿಗೆ ಕೂತವರಿಗೆ ಎರಡು. ಹಬ್ಬದ ದಿನವೂ ಬಾಗಿಲು ಕಾಯುವವರು ತಮ್ಮ ಮನೆಯ ಹೋಳಿಗೆ ಬಿಟ್ಟು ಬಂದಿರುತ್ತಾರೆ. ಹೀಗೆ ನೋಡಿದರೆ ಪಾವು ಬೇಳೆ ಹೆಚ್ಚಲ್ಲ. ಇನ್ನೂ ಕಡಿಮೆ ಮಾಡಿದರೂ ಕಣಕ ಕಲಸುವ, ರುಬ್ಬುವ, ಹೆಂಚು ಕಾಯಿಸುವ ಶ್ರಮ ಅಷ್ಟೇ ಇರುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಆಗಬೇಕಾದ್ದು ಕಣಕ. ಅರ್ಧ ಪಾವು ಚಿರೋಟಿ ರವೆ, ಅರ್ಧ ಪಾವು ಮೈದಾ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು. ಚಪಾತಿ ಹಿಟ್ಟಿಗಿಂತ ಸಾಕಷ್ಟು ಸಡಿಲವಾಗಿ ಕಲಸಿ, ನಾಲ್ಕೈದು ಚಮಚ ಎಣ್ಣೆ ಹಾಕಿ ನಾದಿ, ಮೇಲೆ ಎಣ್ಣೆ ನಿಲ್ಲುವಂತೆ ಮುಚ್ಚಿಡಬೇಕು. ಕನಿಷ್ಠ ಎರಡು ಗಂಟೆ ಅದನ್ನು ಮುಟ್ಟಬಾರದು. ಮೈದಾದ ಜಿಗುಟು ನಾದಿದಾಗ ಬಿಗಿಯುತ್ತದೆ, ಸುಮ್ಮನೆ ಬಿಟ್ಟಾಗ ಸಡಿಲಗೊಳ್ಳುತ್ತದೆ. ರವೆ ನೀರು ಕುಡಿದು ಮೆತ್ತಗಾಗುತ್ತದೆ. ಹೋಳಿಗೆ ತಟ್ಟುವಾಗ ಹರಿಯಿತು ಎಂದರೆ ಬಹಳ ಸಲ ತಪ್ಪು ಕೈಯದ್ದಲ್ಲ, ನೆನೆಯಲು ಬಿಡದ ಅವಸರದ್ದು. ಹಿಟ್ಟು ಸ್ವಲ್ಪವಾದರೆ ಬೇಗ ನೆನೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಿಡಿ ಹಿಟ್ಟಾದರೂ ಸೇರು ಹಿಟ್ಟಾದರೂ ಸಮಯ ಅಷ್ಟೇ ಬೇಕು.

ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ ಎಂದು ಒತ್ತಿ ಹೇಳುತ್ತೇನೆ. ಪ್ರೆಶರ್ ಕುಕ್ಕರಿನಲ್ಲಿ ಶಾಖ 120 ಡಿಗ್ರಿಯವರೆಗೆ ಏರುತ್ತದೆ. ಒಂದು ಪಾವಿನಷ್ಟು ಸಣ್ಣ ಪ್ರಮಾಣ ಅಲ್ಲಿ ನೋಡನೋಡುತ್ತಲೇ ಮುದ್ದೆಯಾಗಿ ನೀರಿನಲ್ಲಿ ಕರಗಿಹೋಗುತ್ತದೆ. ಆಮೇಲೆ ಬೇಳೆ ಯಾವುದು ಕಟ್ಟು ಯಾವುದು ಎಂದು ಬೇರ್ಪಡಿಸಲು ಬಾರದು. ನಾಲ್ಕು ಪಾವು ನೀರು ಕುದಿಸಿ, ತೊಳೆದ ಬೇಳೆ ಹಾಕಿ, ಒಂದು ಹನಿ ಎಣ್ಣೆ, ಚೂರು ಅರಿಶಿನ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಬೇಳೆ ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುತ್ತದೆ, ಪಾತ್ರೆಯಲ್ಲಿ ಮಾತ್ರ ಆಕಾರ ಬಿಟ್ಟಿರುವುದಿಲ್ಲ. ಆಗಲೇ ಬಸಿಯಬೇಕು. ಎರಡು ಪಾವಿನ ಹತ್ತಿರ ಕಟ್ಟು ಸಿಗುತ್ತದೆ, ಅದನ್ನು ಎತ್ತಿಟ್ಟುಕೊಳ್ಳಿ. ಬೆಲ್ಲ ಸೇರಿಸುವುದು ಬಸಿದ ಮೇಲೆ, ಎಂದೂ ಮೊದಲಲ್ಲ. ಬೆಲ್ಲ ಬಿದ್ದ ಮೇಲೆ ಬೇಳೆ ಇನ್ನು ಬೇಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದುದು ಬರೀ ನಂಬಿಕೆಯಲ್ಲ. ಬೆಲ್ಲದ ಸಿಹಿ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಮಂಡ್ಯದ ಅಚ್ಚು ಬೆಲ್ಲವೋ ಮಹಾಲಿಂಗಪುರದ ಬೆಲ್ಲವೋ, ಸಿಕ್ಕಿದ್ದರಲ್ಲಿ ಬಣ್ಣ ತುಸು ಕಂದಾಗಿರುವುದನ್ನೇ ಆರಿಸಿ. ಬಿಳಿಚಿಕೊಂಡ ಬೆಲ್ಲಕ್ಕೆ ಪರಿಮಳ ಕಡಿಮೆ.

ಬೇಳೆ, ಬೆಲ್ಲ, ಕಾಯಿತುರಿಯನ್ನು ಅಗಲ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತಾ ನೀರಾರಿಸಿ, ಆರಿದ ಮೇಲೆ ನುಣ್ಣಗೆ ರುಬ್ಬಬೇಕು. ಇಲ್ಲಿ ಇಬ್ಬರ ಮನೆಗೆ ಒಂದು ಅನುಕೂಲವಿದೆ. ಮದುವೆಮನೆಯ ಹೂರಣ ನೀರಾದರೆ ಗಂಟೆಗಟ್ಟಲೆ ಮಗುಚಬೇಕು. ಪಾವು ಬೇಳೆಯ ಹೂರಣ ನಾಲ್ಕೈದು ನಿಮಿಷದಲ್ಲಿ ದಾರಿಗೆ ಬರುತ್ತದೆ. ತಳ ಹಿಡಿಯುವುದೂ ಅಷ್ಟೇ ಬೇಗ ಎಂಬುದನ್ನು ಮರೆಯಬಾರದು, ಆ ಹೊತ್ತಿನಲ್ಲಿ ಫೋನು ಎತ್ತಬೇಡಿ. ರುಬ್ಬುವುದಕ್ಕೆ ಮಿಕ್ಸಿಯ ದೊಡ್ಡ ಜಾರು ಪ್ರಯೋಜನವಿಲ್ಲ, ಅಷ್ಟು ಸ್ವಲ್ಪ ಹೂರಣ ಬ್ಲೇಡಿಗೆ ಸಿಗದೆ ಗೋಡೆಗೆ ಅಂಟಿಕೊಳ್ಳುತ್ತದೆ. ಚಟ್ನಿಯ ಚಿಕ್ಕ ಜಾರಿನಲ್ಲಿ ಎರಡು ಸಲ ಹಾಕಿ, ನೀರು ಸೋಕಿಸದೆ ರುಬ್ಬಿ. ಒರಳುಕಲ್ಲು ಇನ್ನೂ ಇರುವ ಮನೆಯಲ್ಲಿ ಪಾವು ಹೂರಣ ರುಬ್ಬುವುದು ದೊಡ್ಡ ಕೆಲಸವೇ ಅಲ್ಲ, ಆ ನುಣುಪಿಗೆ ಮಿಕ್ಸಿ ಸಮನೂ ಅಲ್ಲ.

ಎಣ್ಣೆ ಸವರಿದ ಬಾಳೆಎಲೆಯ ಮೇಲೆ ಕಣಕದೊಳಗೆ ಹೂರಣದ ಉಂಡೆ ಇಟ್ಟು ಮುಚ್ಚಿ, ಬೆರಳಲ್ಲಿ ತಟ್ಟಿ, ಎಲೆ ಸಮೇತ ಕಾದ ಹೆಂಚಿನ ಮೇಲೆ ಮಗುಚಿ ಎಲೆ ಬಿಡಿಸಬೇಕು. ಅಂಚು ತೆಳ್ಳಗಾಗಬೇಕು. ಗುಂಡಗೆ ಬಾರದಿದ್ದರೆ ಬೇಸರಪಡಬೇಕಿಲ್ಲ. ಹೂರಣ ಅಂಚಿನವರೆಗೂ ಹರಡಿದ್ದರೆ ಅದು ಒಳ್ಳೆಯ ಹೋಳಿಗೆ.

ಈಗ ಎತ್ತಿಟ್ಟ ಕಟ್ಟಿನ ಸರದಿ. ಪುಸ್ತಕಗಳಲ್ಲಿ ನಿಂಬೆಹಣ್ಣಿನ ಗಾತ್ರದ ಹುಣಸೆ ಎಂದಿರುತ್ತದೆ. ನಿಮಗೆ ಅಡಿಕೆಯ ಗಾತ್ರ ಸಾಕು. ಹೂರಣದಲ್ಲಿ ಒಂದು ದೊಡ್ಡ ಚಮಚ ಮೊದಲೇ ತೆಗೆದಿಟ್ಟಿರಬೇಕು. ಎರಡು ಚಮಚ ಕಾಯಿತುರಿ, ಅರ್ಧ ಚಮಚ ಜೀರಿಗೆ, ಮನೆಯ ಸಾರಿನ ಪುಡಿ ಎರಡು ಚಮಚ, ತೆಗೆದಿಟ್ಟ ಹೂರಣ, ಇಷ್ಟನ್ನೂ ಒಟ್ಟಿಗೆ ರುಬ್ಬಿ ಕಟ್ಟಿಗೆ ಬೆರೆಸಿ, ಹುಣಸೆರಸ, ಉಪ್ಪು, ಕರಿಬೇವು ಹಾಕಿ ಕುದಿಸಿ. ಜೋರು ಉರಿಯಲ್ಲಿ ಎರಡು ಕುದಿ ಬಂದರೆ ಸಾಲದು. ಸಣ್ಣ ಉರಿಯಲ್ಲಿ ಹದಿನೈದು ನಿಮಿಷವಾದರೂ ಕುದಿದು ಹುಣಸೆಯ ಹಸಿವಾಸನೆ ಹೋಗಬೇಕು. ಸಣ್ಣ ಪ್ರಮಾಣವಾದ್ದರಿಂದ ನೀರು ಬೇಗ ಆವಿಯಾಗುತ್ತದೆ, ಅರ್ಧ ಲೋಟ ಬಿಸಿನೀರು ಪಕ್ಕದಲ್ಲಿರಲಿ. ತುಪ್ಪದಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ. ಮಧ್ಯಾಹ್ನಕ್ಕೆ ಅನ್ನದ ಜೊತೆ, ರಾತ್ರಿಗೆ ಮತ್ತೆ ಅನ್ನದ ಜೊತೆ, ಮಿಕ್ಕಿದ್ದು ಬೆಳಿಗ್ಗೆ ಇಡ್ಲಿಗೆ. ಅರ್ಧ ಹಬ್ಬ ಈ ಸಾರಿನಲ್ಲೇ ಇದೆ ಎಂದರೆ ಹೋಳಿಗೆಪ್ರಿಯರು ನನ್ನ ಮೇಲೆ ಮುನಿಸಿಕೊಳ್ಳಬಾರದು.

ತೆಂಗಿನಕಾಯಿಯ ಲೆಕ್ಕವನ್ನು ಪೂಜೆಯೇ ಮಾಡಿಕೊಡುತ್ತದೆ. ದೇವರ ಮುಂದೆ ಒಡೆದ ಕಾಯಿ ಎರಡು ಹೋಳು. ಇಡೀ ದಿನದ ಅಡುಗೆಗೆ ಒಂದು ಹೋಳು ಸಾಕು. ಹೂರಣಕ್ಕೆ ದೊಡ್ಡ ಪಾಲು, ಸಾರಿಗೆ ಎರಡು ಚಮಚ, ಚಿತ್ರಾನ್ನಕ್ಕೆ ಮೂರು, ಪಲ್ಯ ಕೋಸಂಬರಿಗೆ ಉಳಿದದ್ದು. ಇನ್ನೊಂದು ಹೋಳನ್ನು ಆಗಲೇ ತುರಿದು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟರೆ ಮುಂದಿನ ವಾರಕ್ಕಾಯಿತು. ಹಾಗೇ ಬಿಟ್ಟ ಕಾಯಿಹೋಳು ಬಿಸಿಲಿಗೆ ಲೋಳೆಯಾಗುತ್ತದೆ.

ಒಗ್ಗರಣೆಯನ್ನು ಭಾಗಿಸಲಾಗದು ಎಂಬುದು ಚಿಕ್ಕ ಮನೆಯ ಅಡುಗೆ ಮಾಡುವವರೆಲ್ಲ ಕಂಡುಕೊಳ್ಳುವ ಸತ್ಯ. ಕಾಲು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದಿಲ್ಲ, ಸೀಯುತ್ತದೆ. ಪಲ್ಯಕ್ಕೊಂದು, ಕೋಸಂಬರಿಗೊಂದು, ಚಿತ್ರಾನ್ನಕ್ಕೊಂದು ಎಂದು ಮೂರು ಸಲ ಬಾಣಲೆ ಇಟ್ಟರೆ ಇಬ್ಬರ ಊಟಕ್ಕೆ ಎಣ್ಣೆಯೂ ಹೆಚ್ಚು, ತೊಳೆಯುವ ಪಾತ್ರೆಯೂ ಹೆಚ್ಚು. ಬದಲಿಗೆ ನಾಲ್ಕು ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಒಮ್ಮೆಗೇ ಹಾಕಿ, ಕೊನೆಗೆ ಇಂಗು. ಒಂದು ಚಮಚ ಕೋಸಂಬರಿಗೆ ತೆಗೆಯಿರಿ, ಇನ್ನೊಂದು ಬೆಂದ ಹುರುಳಿಕಾಯಿಗೆ. ಬಾಣಲೆಯಲ್ಲಿ ಉಳಿದದ್ದಕ್ಕೆ ಕಡಲೆಕಾಯಿ ಬೀಜ ಹಾಕಿ ಹುರಿದು, ಅರಿಶಿನ, ರುಬ್ಬಿದ ಮಾವು ಸೇರಿಸಿದರೆ ಅದೇ ಚಿತ್ರಾನ್ನದ ಗೊಜ್ಜು. ಸಾರಿನ ತುಪ್ಪದ ಒಗ್ಗರಣೆ ಮಾತ್ರ ಬೇರೆಯೇ ಆಗಲಿ, ಅದರಲ್ಲಿ ರಾಜಿ ಬೇಡ.

ಮಾವಿನಕಾಯಿ ಚಿತ್ರಾನ್ನ ಈ ಹಬ್ಬದ ಋತುವಿನ ಗುರುತು. ಗಾಂಧಿಬಜಾರಿನಲ್ಲಾಗಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಹಬ್ಬದ ಹಿಂದಿನ ದಿನ ಬೇವಿನ ಹೂವು, ಮಾವಿನೆಲೆಯ ಪಕ್ಕದಲ್ಲೇ ಹಸಿರು ಕಾಯಿಗಳ ರಾಶಿ ಇರುತ್ತದೆ. ಹುಳಿ ಹೆಚ್ಚಿರುವ ಕಾಯಿಯಾದರೆ ಅರ್ಧವೇ ಸಾಕು, ಗಿಣಿಮೂತಿಯಾದರೆ ಮುಕ್ಕಾಲು. ತುರಿದ ಮಾವಿನ ಅರ್ಧವನ್ನು ಕಾಯಿ, ಹಸಿಮೆಣಸಿನಕಾಯಿ, ಕಾಲು ಚಮಚ ಹಸಿ ಸಾಸಿವೆಯ ಜೊತೆ ರುಬ್ಬಿ, ಇನ್ನರ್ಧವನ್ನು ಹಾಗೇ ಒಗ್ಗರಣೆಯಲ್ಲಿ ಬಾಡಿಸಿ. ಹಸಿ ಸಾಸಿವೆಯ ಘಾಟು ಇಲ್ಲದ ಮಾವಿನಕಾಯಿ ಚಿತ್ರಾನ್ನ ಸಪ್ಪೆ. ಅನ್ನಕ್ಕೆ ಒಟ್ಟು ಮುಕ್ಕಾಲು ಪಾವು ಅಕ್ಕಿ ಒಮ್ಮೆಗೇ ಇಟ್ಟು, ಮೂರನೆಯ ಒಂದು ಪಾಲನ್ನು ತಟ್ಟೆಯಲ್ಲಿ ಹರಡಿ ಆರಿಸಿ ಚಿತ್ರಾನ್ನಕ್ಕೆ, ಮಿಕ್ಕದ್ದು ಬಿಸಿಬಿಸಿಯಾಗಿ ಸಾರಿಗೆ.

ಕೋಸಂಬರಿಗೆ ಎರಡು ಚಮಚ ಹೆಸರುಬೇಳೆ ಒಂದು ಗಂಟೆ ನೆನೆದರಾಯಿತು, ಜೊತೆಗೆ ಅರ್ಧ ಎಳೆ ಸೌತೆಕಾಯಿ. ಉಪ್ಪು ಮಾತ್ರ ಎಲೆಗೆ ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ.

ಏನನ್ನು ಬಿಡಬಹುದು ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ. ಎರಡನೆಯ ಪಲ್ಯ ಬಿಡಿ. ಬಜ್ಜಿ, ಪೂರಿ ಬಿಡಿ. ಸಿಹಿ ಹೋಳಿಗೆ ಇರುವಾಗ ದೊಡ್ಡ ಪಾತ್ರೆ ಪಾಯಸ ಬೇಡ. ಪಾಯಸ ಇಲ್ಲದೆ ನೈವೇದ್ಯ ಬೇಡ ಎನ್ನುವ ಮನೆಯಲ್ಲಿ ಒಂದು ಚಮಚ ಗಸಗಸೆ, ಒಂದು ಚಮಚ ಅಕ್ಕಿ, ಸ್ವಲ್ಪ ಕಾಯಿ ರುಬ್ಬಿ, ಬೆಲ್ಲದ ನೀರಿನಲ್ಲಿ ಕುದಿಸಿ, ಇಳಿಸಿ ಹಾಲು ಬೆರೆಸಿದರೆ ಎರಡು ಬಟ್ಟಲು ಪಾಯಸ. ಮಧ್ಯಾಹ್ನದ ನಿದ್ದೆಗೂ ಒಳ್ಳೆಯದು. ಆಂಬೊಡೆಯ ವಿಷಯದಲ್ಲಿ ನನ್ನ ಮನಸ್ಸು ಮೆತ್ತಗಾಗುತ್ತದೆ. ಎಲೆಯಲ್ಲಿ ಗರಿಗರಿಯಾದದ್ದು ಒಂದಿದ್ದರೆ ಊಟಕ್ಕೇ ಒಂದು ಕಳೆ. ಅರ್ಧ ಬಟ್ಟಲು ಕಡಲೆಬೇಳೆ ಎರಡು ಗಂಟೆ ನೆನೆಸಿ, ನೀರಿಲ್ಲದೆ ತರಿತರಿಯಾಗಿ ರುಬ್ಬಿದರೆ ಏಳೆಂಟು ಆಂಬೊಡೆ. ಕಿರಿದಾದ, ಆಳದ ಚಿಕ್ಕ ಬಾಣಲೆಯಲ್ಲಿ ಒಂದು ಲೋಟ ಎಣ್ಣೆಯಲ್ಲೇ ಎರಡೆರಡಾಗಿ ಕರಿಯಬಹುದು. ಅಗಲ ಬಾಣಲೆ ಇಟ್ಟು ಅರ್ಧ ಲೀಟರ್ ಎಣ್ಣೆ ಸುರಿಯುವುದು, ಆಮೇಲೆ ಆ ಕರಿದ ಎಣ್ಣೆಯನ್ನು ಏನು ಮಾಡುವುದೆಂದು ಯೋಚಿಸುವುದು ಬೇಡ.

ಬೇವು ಬೆಲ್ಲವನ್ನು ಬಿಡುವ ಪ್ರಶ್ನೆಯೇ ಇಲ್ಲ. ಅದಕ್ಕೆ ಬೇಕಾದ್ದು ಒಂದು ಎಸಳು ಹೂವು, ಒಂದು ಚೂರು ಬೆಲ್ಲ. ಮನೆಯಲ್ಲಿ ಒಬ್ಬರಿದ್ದರೂ ಅಷ್ಟೇ, ಐವತ್ತು ಜನರಿದ್ದರೂ ತಲೆಗಷ್ಟೇ.

ನಾನು ಹೇಳಿದ್ದು ಹಳೇ ಮೈಸೂರಿನ ಕಡೆಯ ಎಲೆ. ಧಾರವಾಡ, ಗದಗ, ಬಾಗಲಕೋಟೆಯ ಕಡೆ ಹೋಳಿಗೆಗೆ ಕಡಲೆಬೇಳೆ, ಸಾರಿಗೆ ಕಟ್ಟಿನ ಸಾರು ಎನ್ನುವ ಹೆಸರು, ಹೋಳಿಗೆಯ ಜೊತೆ ಹಾಲು ತುಪ್ಪ. ಬೇವನ್ನೂ ಅಲ್ಲಿ ಹುರಿಗಡಲೆ, ಬೆಲ್ಲ, ಒಣಹಣ್ಣು ಸೇರಿಸಿ ಬಟ್ಟಲಿಗೆ ಹಾಕಿ ಕೊಡುವ ಮನೆಗಳಿವೆ. ಕಡಲೆಬೇಳೆ ತೊಗರಿಗಿಂತ ಗಟ್ಟಿ, ಬೇಯಲು ಹೆಚ್ಚು ಹೊತ್ತು ಬೇಕು. ಗಂಟೆ ಹೊತ್ತು ಮೊದಲೇ ನೆನೆಸಿಟ್ಟರೆ ಗ್ಯಾಸೂ ಉಳಿಯುತ್ತದೆ. ಆ ಹೂರಣ ಒಣಗಾಗಿ ಬರುವುದರಿಂದ ಲಟ್ಟಣಿಗೆಯಲ್ಲಿ ಲಟ್ಟಿಸಬಹುದು, ಹೊಸಬರ ಕೈಗೆ ಅದೇ ಸುಲಭ. ದಕ್ಷಿಣ ಕನ್ನಡದಲ್ಲಿ ವರ್ಷ ಹೊಸತಾಗುವುದು ಸೌರಮಾನದ ಬಿಸುವಿಗೆ, ಏಪ್ರಿಲ್ ನಡುವಿಗೆ. ಅಲ್ಲಿ ಪಾಯಸವೇ ಮುಖ್ಯ, ಎಳೆ ಗೋಡಂಬಿ ಹಾಕಿದ ಪಲ್ಯವೂ ಇರುತ್ತದೆ. ಇನ್ನು ಯುಗಾದಿಯ ಮರುದಿನದ ಹೊಸತೊಡಕಿಗೆ ಮಾಂಸದಡುಗೆ ಮಾಡುವ ಮನೆಗಳಿಗೆ ಅರ್ಧ ಕಿಲೋ ಮಾಂಸ ತಂದು, ಸಾರೊಂದೇ ಮಾಡಿ, ಜೊತೆಗೆ ಮುದ್ದೆ ಕಟ್ಟಿದರೆ ಎರಡು ಹೊತ್ತು ಸುಖವಾಗಿ ನಡೆಯುತ್ತದೆ. ಪಾವು ಬೇಳೆಯ ಲೆಕ್ಕ ಎಲ್ಲ ಕಡೆಗೂ ಹೊಂದುತ್ತದೆ.

ಹಬ್ಬ ಕೆಲಸದ ದಿನ ಬಂದರೆ? 2024ರ ಯುಗಾದಿ ಏಪ್ರಿಲ್ 9, ಮಂಗಳವಾರ. 2025ರದ್ದು ಮಾರ್ಚ್ 30, ಅದೃಷ್ಟಕ್ಕೆ ಭಾನುವಾರ. 2026ರದ್ದು ಮಾರ್ಚ್ 19, ಗುರುವಾರ. ನಮ್ಮಲ್ಲಿ ರಜೆಯಿದ್ದರೂ ಹೊರರಾಜ್ಯದ, ಹೊರದೇಶದ ಕಚೇರಿಗೆ ದುಡಿಯುವವರಿಗೆ ಆ ದಿನ ಬಿಡುವಿರುವುದಿಲ್ಲ. ಪರದೇಶದಲ್ಲಿರುವ ಕನ್ನಡಿಗರು ಶನಿವಾರಕ್ಕೋ ಭಾನುವಾರಕ್ಕೋ ಹೋಳಿಗೆಯನ್ನು ಸರಿಸುವುದು ಅದಕ್ಕೇ. ಅದರಲ್ಲಿ ತಪ್ಪೇನೂ ಕಾಣೆ, ಬೇವು ಬೆಲ್ಲ ಆ ದಿನವೇ ಬಾಯಿಗೆ ಬಿದ್ದರೆ ಸಾಕು. ಸರಿಸಲು ಮನಸ್ಸಿಲ್ಲದವರು ಹಿಂದಿನ ರಾತ್ರಿ ಬೇಳೆ ಬೇಯಿಸಿ ಹೂರಣ ರುಬ್ಬಿ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಡಿ, ಕಟ್ಟನ್ನೂ ಸಾರು ಮಾಡಿಯೇ ಇಡಿ. ಕಣಕ ಬೆಳಿಗ್ಗೆ ಆರಕ್ಕೆ ಕಲಸಿಟ್ಟರೆ ಎಂಟೂವರೆಗೆ ಹೆಂಚಿನ ಮುಂದೆ ನಿಲ್ಲಬಹುದು. ಫ್ರಿಜ್ಜಿನಿಂದ ತೆಗೆದ ಹೂರಣ ಅರ್ಧ ಗಂಟೆಯಾದರೂ ಹೊರಗಿರಲಿ. ತಣ್ಣಗೆ ಗಟ್ಟಿಯಾದ ಉಂಡೆ ಮೆತ್ತಗಿನ ಕಣಕವನ್ನು ಹರಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೈಗಳ ಮಾತು ಬರಲೇಬೇಕು. ಹಿಂದಿನ ದೊಡ್ಡ ಮನೆಯಲ್ಲಿ ಹಬ್ಬದ ಅಡುಗೆ ಸಾಗುತ್ತಿದ್ದುದು ನಾಲ್ಕೈದು ಹೆಂಗಸರ ಕೈಯಿಂದ. ಅತ್ತೆ ಹೂರಣ ನೋಡಿದರೆ ಸೊಸೆ ಕಣಕ, ಚಿಕ್ಕಮ್ಮ ಈಳಿಗೆಮಣೆಯ ಮುಂದೆ, ಮಕ್ಕಳು ಏಲಕ್ಕಿ ಸುಲಿಯಲು. ಇಂದು ಇಬ್ಬರ ಮನೆಯಲ್ಲಿ ಅಡುಗೆಯ ಪ್ರಮಾಣ ಕಡಿಮೆಯಾಗಿದೆ, ಕೆಲಸದ ಬಗೆಗಳು ಕಡಿಮೆಯಾಗಿಲ್ಲ. ಆ ಎಲ್ಲ ಬಗೆಯೂ ಒಬ್ಬಳ ತಲೆಯ ಮೇಲೆ ಬಿದ್ದರೆ "ಯಾರಿಗೆ ಅಂತ ಮಾಡ್ಲಿ" ಎಂದು ಅವಳು ಕೇಳುವುದು ನ್ಯಾಯವೇ. ಇದಕ್ಕೆ ಮದ್ದು ಮನೆಯ ಎರಡನೆಯ ಜೋಡಿ ಕೈ. ಕಾಯಿ ತುರಿಯುವುದು, ಬೇಳೆ ಬಸಿಯುವುದು, ಬಾಣಲೆಯ ಮುಂದೆ ನಿಂತು ಹೂರಣ ಮಗುಚುವುದು, ಇವಕ್ಕೆ ಹುಟ್ಟುವಿದ್ಯೆ ಬೇಡ. ನಿವೃತ್ತರಾದ ಮೇಲೆ ಹೋಳಿಗೆ ತಟ್ಟಲು ಕಲಿತ ಗಂಡಸರನ್ನು ನಾನು ಕಂಡಿದ್ದೇನೆ. ಆ ಮನೆಗಳಲ್ಲಿ ಹಬ್ಬ ನಿಂತಿಲ್ಲ. ಒಬ್ಬರು ತಟ್ಟಿ ಇನ್ನೊಬ್ಬರು ಬೇಯಿಸಿದರೆ ಹನ್ನೆರಡು ಹೋಳಿಗೆ ಮುಕ್ಕಾಲು ಗಂಟೆಯ ಕೆಲಸ.

ಮಧುಮೇಹ ಇರುವವರ ಮನೆಯಲ್ಲಿ ಹೋಳಿಗೆ ಬೇಡವೆಂದು ಹಬ್ಬವನ್ನೇ ಕೈಬಿಡುವುದನ್ನು ನೋಡುತ್ತೇನೆ. ಉಂಡೆಯನ್ನು ಚಿಕ್ಕದಾಗಿ ಕಟ್ಟಿ, ಅಂಗೈ ಅಗಲದ ಹೋಳಿಗೆ ಮಾಡಿ. ವೈದ್ಯರು ಎಷ್ಟು ಒಪ್ಪುತ್ತಾರೋ ಅಷ್ಟು ತಿನ್ನಿ, ಆ ಹೊತ್ತು ಅನ್ನ ಕಡಿಮೆ ಮಾಡಿ. ಸಾರು, ಪಲ್ಯ, ಕೋಸಂಬರಿ ಹೇಗೂ ಇವೆ. ಮನೆಯಲ್ಲಿ ಮಾಡಿದ ಹೋಳಿಗೆಯ ಗಾತ್ರವೂ ಬೆಲ್ಲವೂ ನಮ್ಮ ಕೈಯಲ್ಲೇ ಇರುತ್ತದೆ.

ಊಟಕ್ಕೆ ಇಬ್ಬರೇ ಆದರೂ ಬಾಳೆಎಲೆ ಹಾಕಿ. ಕುಡಿ ಎಡಕ್ಕೆ, ಮೇಲಿನ ಎಡ ಮೂಲೆಗೆ ಉಪ್ಪು, ಪಕ್ಕಕ್ಕೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಕೆಳಗೆ ಚಿತ್ರಾನ್ನ, ಬಿಸಿ ಅನ್ನದ ಮೇಲೆ ತುಪ್ಪ. ದೊಡ್ಡ ಪಂಕ್ತಿಯಲ್ಲಿ ಬಡಿಸುವವರು ಬೇರೆ, ಉಣ್ಣುವವರು ಬೇರೆ. ಬಡಿಸಿದವರು ಉಣ್ಣುವಾಗ ಎಲ್ಲ ಆರಿರುತ್ತಿತ್ತು. ಹೆಚ್ಚಿನ ಮನೆಗಳಲ್ಲಿ ಅಡುಗೆ ಮಾಡಿದವಳೇ ಕೊನೆಯ ಪಂಕ್ತಿ. ಇಬ್ಬರ ಮನೆಯಲ್ಲಿ ಎಲ್ಲವನ್ನೂ ನಡುವೆ ಇಟ್ಟುಕೊಂಡು ಒಟ್ಟಿಗೇ ಕೂರಬಹುದು, ಒಬ್ಬರ ಎಲೆಗೆ ಇನ್ನೊಬ್ಬರು ಬಡಿಸಬಹುದು, ಹೋಳಿಗೆ ಬಿಸಿಯಿರುವಾಗಲೇ ಅದರ ಮೇಲೆ ತುಪ್ಪ ಹಾಕಿ ಇಬ್ಬರೂ ತಿನ್ನಬಹುದು. ನಮ್ಮ ಅಜ್ಜಿಯರಿಗೆ ಹಬ್ಬದ ದಿನ ಸಿಗದೇ ಹೋದ ಸುಖ ಅದು. ಚಿಕ್ಕ ಮನೆಗೆ ಅದು ಸಿಕ್ಕಿದೆ.

ಒಬ್ಬರೇ ಇರುವವರ ಮಾತು ಇನ್ನೂ ಉಳಿದಿದೆ. ಸಂಗಾತಿಯನ್ನು ಕಳೆದುಕೊಂಡವರು, ಓದಿಗೋ ಕೆಲಸಕ್ಕೋ ಊರು ಬಿಟ್ಟು ಬಂದು ಒಂದು ಕೋಣೆಯಲ್ಲಿರುವವರು. ಅವರಿಗೆ ಪಾವು ಬೇಳೆ ಹೇರಲು ನನಗೆ ಮನಸ್ಸಿಲ್ಲ. ಒಂದೇ ಬರ್ನರಿನ ಸ್ಟವ್ ಇದ್ದರೂ ಮಾವಿನಕಾಯಿ ಚಿತ್ರಾನ್ನ, ಎರಡು ಚಮಚ ಕೋಸಂಬರಿ, ಒಂದು ಬಟ್ಟಲು ಪಾಯಸ ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ. ಹೋಳಿಗೆ ಅಂಗಡಿಯಿಂದ ಬರಲಿ. ವರ್ಷದೊಳಗೆ ಸಾವಾದ ಮನೆಯಲ್ಲಿ ಹಬ್ಬ ಮಾಡುವುದಿಲ್ಲ ಎಂಬ ರೂಢಿ ಹಲವರಲ್ಲಿದೆ, ಅಂಥ ಮನೆಗೆ ನೆಂಟರೋ ನೆರೆಯವರೋ ಸಿಹಿ ಕೊಟ್ಟುಬರುವ ರೂಢಿಯೂ ಇದೆ. ಆ ಎರಡನೆಯ ರೂಢಿ ಅಪಾರ್ಟ್‌ಮೆಂಟುಗಳಲ್ಲಿ ಮೆಲ್ಲಗೆ ಮರೆಯಾಗುತ್ತಿದೆ. ಅದನ್ನು ಉಳಿಸಿಕೊಳ್ಳಬೇಕು.

ನಿಮ್ಮ ಮಹಡಿಯಲ್ಲಿ, ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರು ಯಾರಾದರೂ ಇದ್ದಾರೆಯೇ? ಹಾಗಿದ್ದರೆ ಹಬ್ಬದ ಹಿಂದಿನ ಸಂಜೆಯೇ ಹೋಗಿ ಊಟಕ್ಕೆ ಹೇಳಿ ಬನ್ನಿ. ಡಬ್ಬಿ ಕಳಿಸುತ್ತೇವೆ ಎನ್ನಬೇಡಿ, ಮನೆಗೆ ಬನ್ನಿ ಎನ್ನಿ. ಪಾವು ಬೇಳೆಯ ಹೋಳಿಗೆ ಮೂವರಿಗೂ ಸಾಲುತ್ತದೆ. ಅಕ್ಕಿಯನ್ನು ಮಾತ್ರ ಒಂದು ಹಿಡಿ ಹೆಚ್ಚಿಗೆ ಇಡಿ, ಎಲೆಯನ್ನು ಒಂದು ಹೆಚ್ಚಿಗೆ ತನ್ನಿ.